ಅಕ್ಕಪಕ್ಕದ ಕಾಕ್‌ಪಿಟ್, ನಡುವೆ ಮತ್ಸರ

ಅಮೆರಿಕನ್ ಏರ್‌ಲೈನ್ಸ್ ಸಮೂಹದ ಎನ್ವಾಯ್, ಪಿಎಸ್‌ಎ, ಪೀಡ್‌ಮಾಂಟ್ ಕಂಪನಿಗಳ ಪೈಲಟ್‌ಗಳಿಗೆ ಸಂಘ ಒಂದೇ. ಸೇವಾ ಹಿರಿತನದ ಪಟ್ಟಿ ಮಾತ್ರ ಬೇರೆ ಬೇರೆ.

2013ರಲ್ಲಿ ಪಿಎಸ್‌ಎ ಪೈಲಟ್‌ಗಳು ವೇತನದಲ್ಲಿ ರಾಜಿಯಾದರು. ಅದಕ್ಕೆ ಪ್ರತಿಯಾಗಿ ಅವರ ಕಂಪನಿಗೆ ದೊಡ್ಡ ಜೆಟ್‌ಗಳು ಬಂದವು. 2014ರಲ್ಲಿ ಎನ್ವಾಯ್‌ನವರು ಮತದಾನದಲ್ಲಿ ರಾಜಿಗೆ ಒಲ್ಲೆ ಎಂದರು. ಹೊಸ ವಿಮಾನಗಳು ಬೇರೆಯವರ ಪಾಲಾದವು. ವಿಮಾನ ಬಂದಲ್ಲಿ ಬಡ್ತಿ, ಬಾರದಲ್ಲಿ ಮತ್ಸರ.

ಸುಖದಲ್ಲಿರುವವರ ಬಗ್ಗೆ ಮೈತ್ರಿಯಿರಲಿ, ಮನಸ್ಸು ತಿಳಿಯಾಗುತ್ತದೆ ಎನ್ನುತ್ತದೆ ಪತಂಜಲಿಯ ಯೋಗಸೂತ್ರ. ಸರಿಯೇ. ಆದರೆ ಒಬ್ಬನ ಬಡ್ತಿಗೆ ಇನ್ನೊಬ್ಬನ ನಷ್ಟವೇ ಬಂಡವಾಳವಾದರೆ? ಆ ನೋವನ್ನು ಬರೀ ಮತ್ಸರವೆಂದು ಜರೆಯುವುದು ಆಡಳಿತ ಮಂಡಳಿಗೆ ಅನುಕೂಲವಾದ ಧರ್ಮಬೋಧೆ. ಪಂದ್ಯ ಹೂಡಿದವರು ಮೇಲಿದ್ದಾರೆ. ಸಿಟ್ಟು ಮಾತ್ರ ಪಕ್ಕದವನ ಮೇಲೆ.

ವಿಚಿತ್ರವೆಂದರೆ, ಕೆಲಸದೂರಿಗೆ ಹೊರಟ ಎದುರಾಳಿ ಕಂಪನಿಯ ಪೈಲಟ್‌ಗೂ ಕ್ಯಾಪ್ಟನ್‌ಗಳು ಜಂಪ್‌ಸೀಟ್, ಅಂದರೆ ಕಾಕ್‌ಪಿಟ್‌ನ ಹೆಚ್ಚುವರಿ ಆಸನ, ಕೊಡುತ್ತಾರೆ. ಆ ಮೈತ್ರಿಗೆ ಯಾವ ಒಪ್ಪಂದದ ಮತದಾನವೂ ಅಡ್ಡ ಬಂದಂತಿಲ್ಲ.