ಮಗುವಿಗೆ ಸತ್ಯವನ್ನು ಹೇಳಬೇಕೆ?

ಮನೆಗೆ ಬಂದ ಸಾವನ್ನು ಎಳೆಯ ಮಗುವಿನಿಂದ ಮರೆಮಾಚುವುದು ಕರುಣೆಯೆ? ವಾಚಕ ಮಹಾಶಯರು ಸಾವಧಾನವಾಗಿ ವಿಚಾರಿಸಬೇಕಾದ ಪ್ರಶ್ನೆಯಿದು.

ಕೋವಿಡ್ ಮಹಾಮಾರಿಯ ನಿಮಿತ್ತ 2020ರ ಮಾರ್ಚಿಯಲ್ಲಿ ಮುಚ್ಚಿದ ಕರ್ನಾಟಕದ ಶಾಲೆಗಳು ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಆ ಹತ್ತೊಂಬತ್ತು ತಿಂಗಳು ಅವರಿಗೆ ಪಾಠದೊಡನೆ ಗೆಳೆಯರ ಸಂಗವೂ ಬಿಸಿಯೂಟದ ಪಂಕ್ತಿಯೂ ತಪ್ಪಿದವು. ಆಸ್ಪತ್ರೆಗೆ ಹೋದ ಎಷ್ಟೋ ಅಜ್ಜಂದಿರು ಮರಳಲಿಲ್ಲ. ಅಂತಿಮ ದರ್ಶನವೂ ಆಗಲಿಲ್ಲ. ‘ಊರಿಗೆ ಹೋಗಿದ್ದಾರೆ’ ಎಂದು ಹಿರಿಯರು ಸಮಾಧಾನ ಹೇಳಿದರು.

ಎಳೆಯ ಮನಸ್ಸು ಸುತ್ತಲಿನ ಅನರ್ಥಗಳಿಗೆ ತನ್ನನ್ನೇ ಕಾರಣವೆಂದು ಬಗೆಯುವುದುಂಟು. ‘ನಾನು ಹಟ ಮಾಡಿದ್ದಕ್ಕೇ ಅಜ್ಜ ಹೋದರು’ ಎಂದು ಮಗು ಒಳಗೇ ಕೊರಗೀತು. ಆ ಕೊರಗು ಮಾತಾಗಿ ಬಾರದೆ ಹೊಟ್ಟೆನೋವಾಗಿ, ನಿದ್ರಾಭಂಗವಾಗಿ, ಸಿಡುಕಾಗಿ ತೋರುತ್ತದೆ. ಸಿಡುಕಿದರೆ ದಂಡಿಸುತ್ತೇವೆ, ಸುಮ್ಮನಿದ್ದರೆ ವಿಧೇಯನೆಂದು ಮೆಚ್ಚುತ್ತೇವೆ. ಎರಡೂ ಅವಿವೇಕವೇ.

ಹಾಗೆಂದು ಹಗಲಿರುಳೂ ದೂರದರ್ಶನದಲ್ಲಿ ಸಾವಿನ ಲೆಕ್ಕ ಕೇಳಿಸುವುದು ಸತ್ಯಬೋಧೆಯಲ್ಲ. ಮಗು ಕೇಳಿದಷ್ಟನ್ನು, ಅದಕ್ಕೆ ತಿಳಿಯುವ ಮಾತಿನಲ್ಲಿ, ಮಗ್ಗುಲಲ್ಲಿ ಕೂರಿಸಿಕೊಂಡು ಹೇಳಬೇಕು: ‘ಅಜ್ಜ ತೀರಿಕೊಂಡರು. ನಿನ್ನಿಂದ ಆದದ್ದಲ್ಲ. ನಾವಿದ್ದೇವೆ.’ ಬಳಿಕ ಊಟ, ಆಟ, ನಿದ್ರೆಗಳು ಹೊತ್ತಿಗೆ ಸರಿಯಾಗಿ ನಡೆಯಬೇಕು. ಉಪಾಧ್ಯಾಯರು ಪಾಠದ ಬಾಕಿ ತೀರಿಸುವ ಮೊದಲು ಮಗುವನ್ನು ಮಾತನಾಡಿಸಬೇಕು. ವಾರಗಳು ಕಳೆದರೂ ಭಯ ಬಿಡದಿದ್ದರೆ ಮನೋವೈದ್ಯರಲ್ಲಿಗೆ ಕರೆದೊಯ್ಯಲು ನಾಚಬಾರದು.

ಅಂದಿನ ಮಕ್ಕಳು ಇಂದು ಮೇಲಿನ ತರಗತಿಗಳಲ್ಲಿದ್ದಾರೆ. ಅಂದು ಹೇಳದೆ ಉಳಿಸಿದ ಮಾತು ನಿಮ್ಮ ಮನೆಯಲ್ಲಿದ್ದರೆ, ಅದನ್ನು ಇಂದಾದರೂ ಹೇಳಿರಿ.