ಆಡದ ಆಟದ ಗೆಲುವು

ಎದುರಾಳಿ ಬಾರದೆ ಹೋದಾಗ ದೊರೆಯುವ ಜಯವನ್ನು ಜಯವೆನ್ನಬಹುದೇ? ಘಾನಾದ ಕುಮಾಸಿ ನಗರದ ಅಸಾಂಟೆ ಕೊಟೊಕೊ ಎಂಬ ಕಾಲ್ಚೆಂಡಿನ ಸಂಘದ ಚರಿತ್ರೆ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1935ರಲ್ಲಿ ಹುಟ್ಟಿದ ಈ ಸಂಘದ ಲಾಂಛನ ಮುಳ್ಳುಹಂದಿ. ಸಾವಿರ ಕೊಂದರೆ ಮತ್ತೆ ಸಾವಿರ ಬರುವುದೆಂಬುದು ಅಸಾಂಟೆ ಜನರ ಮಾತು. 1967ರಲ್ಲಿ ಆಫ್ರಿಕಾ ಖಂಡದ ಚಾಂಪಿಯನ್ ಸಂಘಗಳ ಅಂತಿಮ ಹಣಾಹಣಿಯಲ್ಲಿ ಅದಕ್ಕೆ ಎದುರಾದದ್ದು ಕಾಂಗೋದ ಎಂಗಲ್‌ಬರ್ಟ್, ಎಂದರೆ ಇಂದಿನ ಟಿ.ಪಿ. ಮಜೆಂಬೆ. ಕುಮಾಸಿಯಲ್ಲಿ 1-1, ಕಿನ್ಶಾಸಾದಲ್ಲಿ 2-2. ಮೂರನೆಯ ಆಟಕ್ಕೆ ಕೊಟೊಕೊ ಬರಲಿಲ್ಲ. ಆಟದ ದಿನ ಗೊತ್ತಾದ ಸುದ್ದಿ ತಮಗೆ ಮುಟ್ಟಲೇ ಇಲ್ಲವೆಂಬುದು ಕುಮಾಸಿಯವರ ಅಳಲು. ಬಟ್ಟಲು ಕಾಂಗೋಕ್ಕೆ ಹೋಯಿತು.

ನಿಯಮ ತಪ್ಪಿತೆನ್ನಲಾರೆವು. ಬಾರದವನಿಗಾಗಿ ಬಂದವನನ್ನು ಎಷ್ಟು ದಿನ ಕಾಯಿಸುವುದು? ಎಂಗಲ್‌ಬರ್ಟ್ ತಂಡದ್ದು ಮೋಸವಲ್ಲ. ಆದರೆ ನಿಯಮ ಕೊಡಬಲ್ಲದ್ದು ಬಟ್ಟಲನ್ನು ಮಾತ್ರ. ಯಾರು ಮೇಲೆಂಬ ಪ್ರಶ್ನೆಗೆ ಉತ್ತರ ಅದರ ಕೈಯಲ್ಲಿಲ್ಲ. ಆ ಉತ್ತರಕ್ಕೆ ಎದುರಾಳಿಯೇ ಬೇಕು. ಅವನನ್ನು ನಮ್ಮ ಗೆಲುವಿಗೆ ಅಡ್ಡಿಯೆಂದು ಬಗೆಯುತ್ತೇವೆ. ಅವನಿಲ್ಲದೆ ಗೆಲುವಿಗೆ ಸಾಕ್ಷಿಯೇ ಇಲ್ಲ.

ಅನ್ಯಾಯವಾಯಿತೆಂದು ನಂಬಿದವನು ದೂರುತ್ತ ಕೂರಬಹುದು, ಇಲ್ಲವೆ ಮತ್ತೆ ಕಣಕ್ಕಿಳಿಯಬಹುದು. 1970ರ ಸಾಲಿನ ಅಂತಿಮದಲ್ಲಿ ಅವೇ ಎರಡು ತಂಡಗಳು ಮತ್ತೆ ಸೇರಿದವು. ಕುಮಾಸಿಯಲ್ಲಿ ಮತ್ತೆ 1-1. ಕಿನ್ಶಾಸಾದಲ್ಲಿ, ಎದುರಾಳಿಯ ನೆಲದಲ್ಲೇ, ಕೊಟೊಕೊ 2-1ರಿಂದ ಗೆದ್ದಿತು. ಇದರಿಂದ 1967ರ ದಾಖಲೆ ಅಳಿಯಲಿಲ್ಲ, ಅಳಿಯಬೇಕಾಗಿಯೂ ಇಲ್ಲ. ಅಂದು ಆಡದೆ ಉಳಿದ ಆಟವನ್ನು ಇನ್ನು ಯಾರೂ ಆಡಲಾರರು. ಆದರೆ ಈ ಬಾರಿ ಸೋತವರಿಗೂ ತಾವು ಸೋತದ್ದು ಯಾರಿಗೆ, ಹೇಗೆ ಎಂಬುದು ತಿಳಿದಿತ್ತು.