ಗಾಳಿಸುದ್ದಿಯ ಗಳಿಕೆ ಹಲಾಲೇ?



ಒಂದು ಅನಿಲ ಕಂಪೆನಿ ಮಾರಾಟಕ್ಕಿದೆ ಎಂಬ ಸುದ್ದಿ ಹಬ್ಬುತ್ತದೆ. ಎರಡು ಭಾರೀ ಕಂಪೆನಿಗಳು ಅದಕ್ಕಾಗಿ ಪೈಪೋಟಿಗಿಳಿದಿವೆ ಎಂಬ ಮಾತು ಅದರ ಹಿಂದೆಯೇ ಬರುತ್ತದೆ. ಅವರು ಒಬ್ಬರ ಮೇಲೊಬ್ಬರು ಬೆಲೆ ಏರಿಸುವ ಮುನ್ನವೇ ನಾವು ಒಂದಿಷ್ಟು ಷೇರು ಕೊಂಡಿಟ್ಟರೆ ಹೇಗೆ ಎಂಬ ಲೆಕ್ಕಾಚಾರ ಶುರುವಾಗುತ್ತದೆ. ಒಂದು ಕಾಲದಲ್ಲಿ ಇದು ಮುಂಬಯಿಯ ದಲಾಲರ ಲೆಕ್ಕಾಚಾರವಾಗಿತ್ತು. ಇಂದು ಕಡೂರು ತಾಲೂಕಿನ ಸಿಂಗಟಗೆರೆಯಂತಹ ಊರಿನಲ್ಲೂ ಕೊಬ್ಬರಿ ಮಾರಿದ ಹಣ, ಕೊಲ್ಲಿಯಿಂದ ಮಗ ಕಳುಹಿಸಿದ ಹಣ, ಮಗಳ ನಿಕಾಹ್‌ಗೆಂದು ಕೂಡಿಟ್ಟ ಹಣ ಮೊಬೈಲ್ ಫೋನಿನ ಮೂಲಕ ಒಂದೇ ನಿಮಿಷದಲ್ಲಿ ಆ ಪೇಟೆಯನ್ನು ಸೇರಬಹುದು. ಆದ್ದರಿಂದ ಪ್ರಶ್ನೆ ನಮ್ಮ ಮನೆಯದೂ ಆಗಿದೆ. ಇಂತಹ ಗಳಿಕೆ ವ್ಯಾಪಾರವೋ, ಜೂಜೋ?

ಇದಕ್ಕೆ ನಮ್ಮಲ್ಲಿ ಎರಡು ಅವಸರದ ಉತ್ತರಗಳಿವೆ. ಷೇರೆಂದರೇನೇ ಜೂಜು, ಅದರ ಹತ್ತಿರವೂ ಸುಳಿಯಬೇಡಿ ಎಂಬುದು ಒಂದು. ಮಾರಿದವನು ಒಪ್ಪಿ ಮಾರಿದ, ಕೊಂಡವನು ಒಪ್ಪಿ ಕೊಂಡ, ಇದರಲ್ಲಿ ತಪ್ಪೇನು ಎಂಬುದು ಇನ್ನೊಂದು. ಇವೆರಡನ್ನೂ ಒಪ್ಪುವ ಮುನ್ನ ನಿಜವಾಗಿ ನಡೆದ ಸಂಗತಿಗಳನ್ನು ನೋಡೋಣ.

ನಡೆದದ್ದೇನು?

ಲಂಡನ್ನಿನ ಷೇರುಪೇಟೆಯಲ್ಲಿ ಕೋವ್ ಎನರ್ಜಿ ಎಂಬ ಸಣ್ಣ ಕಂಪೆನಿಯಿತ್ತು. ಆಫ್ರಿಕಾದ ಮೊಜಾಂಬಿಕ್‌ನ ಕಡಲಾಳದಲ್ಲಿ ಪತ್ತೆಯಾದ ದೊಡ್ಡ ಅನಿಲ ನಿಕ್ಷೇಪದಲ್ಲಿ ಅದಕ್ಕೆ ಶೇಕಡಾ 8.5ರ ಪಾಲಿತ್ತು. 2012ರ ಫೆಬ್ರವರಿಯಲ್ಲಿ ಶೆಲ್ ಕಂಪೆನಿಯು ಅದರ ಪ್ರತಿ ಷೇರಿಗೆ 195 ಪೆನ್ಸ್ ಕೊಡುವುದಾಗಿ ಮುಂದೆ ಬಂತು. ಥಾಯ್ಲೆಂಡಿನ ಪಿಟಿಟಿಇಪಿ ಕಂಪೆನಿ 220 ಪೆನ್ಸ್ ಎಂದಿತು. ಶೆಲ್ ಕೂಡಾ 220ಕ್ಕೇರಿತು. ಮೇ ತಿಂಗಳಲ್ಲಿ ಥಾಯ್ ಕಂಪೆನಿ 240 ಪೆನ್ಸ್ ಕೂಗಿತು. ಜುಲೈಯಲ್ಲಿ ಶೆಲ್ ಹಿಂದೆ ಸರಿಯಿತು. ಸುಮಾರು 120 ಕೋಟಿ ಪೌಂಡಿಗೆ ಕೈಬದಲಾದ ಆ ನಿಕ್ಷೇಪದಿಂದ ಅಲ್ಲಿಯ ತನಕ ಒಂದು ಸಿಲಿಂಡರಿನಷ್ಟು ಅನಿಲವೂ ಮಾರಾಟವಾಗಿರಲಿಲ್ಲ. 2021ರಲ್ಲಿ ಸಶಸ್ತ್ರ ದಾಳಿಗಳಿಂದಾಗಿ ಅಲ್ಲಿನ ಕೆಲಸ ನಿಂತು ವರ್ಷಗಟ್ಟಲೆ ಸ್ಥಗಿತವಾಯಿತು. ಭಾರತದ ಸಾರ್ವಜನಿಕ ತೈಲ ಕಂಪೆನಿಗಳಿಗೂ ಅದೇ ನಿಕ್ಷೇಪದಲ್ಲಿ ಒಟ್ಟು ಶೇಕಡಾ 30ರ ಪಾಲು ಇರುವುದರಿಂದ ಇದು ನಮಗೆ ತೀರಾ ದೂರದ ಕಥೆಯಲ್ಲ.

ಮೊದಲೇ ಷೇರು ಕೊಂಡವರು ಅಲ್ಲಿ ಗೆದ್ದರು. ಗೆಲ್ಲದ ಕಥೆಯೂ ಇದೆ. ನಮ್ಮ ಹಿಂದೂಸ್ತಾನ್ ಪೆಟ್ರೋಲಿಯಂ ಕಂಪೆನಿಯನ್ನು ಖಾಸಗಿಯವರಿಗೆ ಮಾರಲು ಸರಕಾರ ಹೊರಟಾಗ ರಿಲಯನ್ಸ್, ಶೆಲ್ ಮೊದಲಾದ ದೊಡ್ಡ ಹೆಸರುಗಳು ಕೇಳಿಬಂದವು. ಷೇರು ಕೊಳ್ಳುವವರ ಆಸೆ ಏರುತ್ತಾ ಹೋಯಿತು. 2003ರ ಸೆಪ್ಟೆಂಬರ್ 16ರಂದು ಸುಪ್ರೀಂ ಕೋರ್ಟು, ಸಂಸತ್ತಿನ ಕಾಯ್ದೆಯ ಮೂಲಕ ಸರಕಾರದ ಕೈಗೆ ಬಂದ ಕಂಪೆನಿಯನ್ನು ಕಾಯ್ದೆ ತಿದ್ದದೆ ಮಾರುವಂತಿಲ್ಲ ಎಂದು ತೀರ್ಪಿತ್ತಿತು. ಬೆಲೆ ಕುಸಿಯಿತು. ಭಾರತ್ ಪೆಟ್ರೋಲಿಯಂನ ಮಾರಾಟಕ್ಕೆ 2019ರ ನವೆಂಬರಿನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿತು. ಎರಡೂವರೆ ವರ್ಷ ಊಹಾಪೋಹ ನಡೆದ ಬಳಿಕ 2022ರ ಮೇಯಲ್ಲಿ ಅದನ್ನೂ ಕೈಬಿಡಲಾಯಿತು.

ನಮ್ಮ ರಾಜ್ಯದ್ದೇ ಉದಾಹರಣೆ ಮಂಗಳೂರಿನ ಎಂಆರ್‌ಪಿಎಲ್. ಹಿಂದೂಸ್ತಾನ್ ಪೆಟ್ರೋಲಿಯಂ ಮತ್ತು ಬಿರ್ಲಾ ಸಮೂಹ ಕೂಡಿ 1988ರಲ್ಲಿ ಕಟ್ಟಿದ ಈ ತೈಲ ಶುದ್ಧೀಕರಣ ಸಂಸ್ಥೆ ಸಾಲದ ಭಾರದಲ್ಲಿ ಕುಸಿದಿತ್ತು. 2003ರಲ್ಲಿ ಒಎನ್‌ಜಿಸಿಯು ಬಿರ್ಲಾ ಸಮೂಹದ ಪಾಲನ್ನು ಕೊಂಡು, 600 ಕೋಟಿ ರೂಪಾಯಿಯ ಹೊಸ ಬಂಡವಾಳ ಹಾಕಿತು. ಇಲ್ಲಿ ಸಂಸ್ಥೆಯನ್ನು ಎತ್ತಿ ನಿಲ್ಲಿಸಿದ್ದು ಹೊರಗಿನವರ ಊಹೆಯಲ್ಲ, ಒಳಗೆ ಬಂದ ಬಂಡವಾಳ ಮತ್ತು ದುಡಿಮೆ ಎಂಬುದನ್ನು ಗಮನಿಸಿರಿ.

ಹರಾಜು ತಪ್ಪಲ್ಲ

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ಎರಡು ಕಂಪೆನಿಗಳು ಬಹಿರಂಗವಾಗಿ ಬೆಲೆ ಏರಿಸುವುದನ್ನು ಇಸ್ಲಾಮ್ ತಡೆಯುವುದಿಲ್ಲ. ಸಹಾಯ ಕೇಳಿ ಬಂದ ಓರ್ವ ಬಡ ಅನ್ಸಾರಿಯ ಮನೆಯಲ್ಲಿದ್ದ ಹೊದಿಕೆ ಮತ್ತು ಬಟ್ಟಲನ್ನು ಪ್ರವಾದಿ(ಸ)ರವರೇ ಹರಾಜು ಹಾಕಿದರು. ಒಬ್ಬರು ಒಂದು ದಿರ್ಹಮ್ ಎಂದಾಗ, ಹೆಚ್ಚು ಕೊಡುವವರಿದ್ದಾರೆಯೇ ಎಂದು ಕೇಳಿ ಎರಡು ದಿರ್ಹಮ್‌ಗೆ ಮಾರಿದರು. ಒಂದರಿಂದ ಮನೆಗೆ ಆಹಾರ, ಇನ್ನೊಂದರಿಂದ ಕೊಡಲಿ ಕೊಳ್ಳಲು ಹೇಳಿ ಆತನನ್ನು ದುಡಿಮೆಗೆ ಹಚ್ಚಿದರು. ಆ ಹರಾಜಿನ ಲಾಭ ವಸ್ತುವಿನ ಒಡೆಯನಿಗೆ ಸಂದಿತು, ಅವನ ಕೈಗೆ ಕೆಲಸವನ್ನೂ ಕೊಟ್ಟಿತು.

ಆದರೆ ಅದೇ ಪ್ರವಾದಿ(ಸ)ರವರು ಪೇಟೆಯ ಕೆಲವು ಚಾಳಿಗಳನ್ನು ಕಟ್ಟುನಿಟ್ಟಾಗಿ ನಿಷೇಧಿಸಿದರು. ಕೊಳ್ಳುವ ಮನಸ್ಸಿಲ್ಲದೆ, ಇತರರನ್ನು ಸಿಕ್ಕಿಸಲಿಕ್ಕೆಂದೇ ಬೆಲೆ ಏರಿಸಿ ಕೂಗುವ 'ನಜ್ಶ್' ಒಂದು. ಹಳ್ಳಿಯಿಂದ ಸರಕು ತರುವವರನ್ನು ಪೇಟೆಯ ಬೆಲೆ ತಿಳಿಯುವ ಮುನ್ನವೇ ದಾರಿಯಲ್ಲಿ ಅಡ್ಡಗಟ್ಟಿ ಕೊಳ್ಳುವುದು ಇನ್ನೊಂದು. ತನ್ನ ಬಳಿ ಇಲ್ಲದ್ದನ್ನು ಮಾರುವುದು ಮತ್ತೊಂದು. ಹದಿನಾಲ್ಕು ಶತಮಾನಗಳ ಹಿಂದಿನ ಈ ಮೂರು ನಿಷೇಧಗಳು ಇಂದಿನ ಷೇರುಪೇಟೆಯ ಮೂರು ರೋಗಗಳಿಗೆ ಸರಿಯಾಗಿ ಹೊಂದುತ್ತವೆ: ಸುಳ್ಳು ಸುದ್ದಿಯಿಂದ ಬೆಲೆ ಏರಿಸುವುದು, ಕಂಪೆನಿಯ ಒಳಗಿನ ಗುಟ್ಟು ತಿಳಿದು ಅರಿಯದವನಿಂದ ಕೊಳ್ಳುವುದು, ಕೈಯಲ್ಲಿಲ್ಲದ ಷೇರನ್ನು ಮಾರುವುದು.

ಅಟ್ಟದ ಮೇಲಿನ ಕೊಬ್ಬರಿ

ಇಲ್ಲಿ ನೀವೊಂದು ಆಕ್ಷೇಪ ಎತ್ತಬಹುದು. ನಮ್ಮ ಸೀಮೆಯ ರೈತ ತೆಂಗಿನಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು, ಉಂಡೆ ಕೊಬ್ಬರಿಯಾದ ಮೇಲೂ ತಿಪಟೂರಿನ ಪೇಟೆಯಲ್ಲಿ ಬೆಲೆ ಏರಲೆಂದು ಕಾಯುವುದಿಲ್ಲವೇ? ಅದೂ ಊಹೆಯಲ್ಲವೇ?

ಆಕ್ಷೇಪ ನ್ಯಾಯವಾದುದೇ. ನಾಳೆಯ ಬೆಲೆ ಯಾರಿಗೂ ತಿಳಿಯದು. ನಾಳೆ ತಾನೇನು ಗಳಿಸುವೆನೆಂದು ಯಾವ ಜೀವವೂ ಅರಿಯದೆಂದು ಕುರ್‌ಆನ್ ನಮಗೆ ಕಲಿಸಿದೆ. ಅನಿಶ್ಚಿತತೆ ಇದ್ದ ಮಾತ್ರಕ್ಕೆ ಜೂಜಾಗುವುದಾದರೆ ಬೇಸಾಯವೇ ದೊಡ್ಡ ಜೂಜಾಗಬೇಕು. ಆದರೆ ವ್ಯತ್ಯಾಸ ನೋಡಿರಿ. ರೈತನ ಬಳಿ ವಸ್ತುವಿದೆ. ಅದನ್ನು ಬೆಳೆಸಿದ್ದಾನೆ, ಒಣಗಿಸಿದ್ದಾನೆ, ಹುಳ ಹಿಡಿದರೆ ನಷ್ಟ ಅವನದೇ. ಕೊಬ್ಬರಿ ಕೊಳ್ಳುವ ವ್ಯಾಪಾರಿಯೂ ಕಾಯಿಯನ್ನು ಅಲುಗಾಡಿಸಿ ಒಳಗಿನ ಸದ್ದು ಕೇಳಿ ಬೆಲೆ ಕಟ್ಟುತ್ತಾನೆ. ಆ ಅರಿವು ಅವನ ದುಡಿಮೆಯ ಫಲ, ಬೇಕಾದವರು ಯಾರೂ ಕಲಿಯಬಹುದು.

ಹಾಗೆಯೇ ಒಂದು ಕಂಪೆನಿಯ ಲೆಕ್ಕಪತ್ರ ಓದಿ, ಅದರ ಬಾವಿಯಲ್ಲಿ ಎಷ್ಟು ಅನಿಲವಿದೆ, ಸಾಲವೆಷ್ಟು, ನಡೆಸುವವರು ಎಂಥವರು ಎಂದು ತಿಳಿದು, ಲಾಭನಷ್ಟಗಳೆರಡಕ್ಕೂ ಪಾಲುದಾರನಾಗಲು ತನ್ನ ಸ್ವಂತ ಹಣದಿಂದ ಷೇರು ಕೊಂಡವನು ಜೂಜುಕೋರನಲ್ಲ. ವ್ಯವಹಾರ ಹಲಾಲ್ ಆಗಿದ್ದು, ಬಡ್ಡಿಸಾಲ ಮಿತಿಯಲ್ಲಿದ್ದರೆ ಇಂತಹ ಪಾಲುದಾರಿಕೆಗೆ ಅನೇಕ ವಿದ್ವಾಂಸರು ಅನುಮತಿ ನೀಡಿದ್ದಾರೆ. ಬಡ್ಡಿಯ ಸೋಂಕಿರುವ ಯಾವ ಕಂಪೆನಿಯೂ ಬೇಡವೆಂದು ದೂರ ನಿಂತ ವಿದ್ವಾಂಸರೂ ಇದ್ದಾರೆ. ಪೂರಾ ಸಾಲದಲ್ಲಿ ಮುಳುಗಿದ ಕಂಪೆನಿಯನ್ನು ಕೊಳ್ಳುವಾಗ ಈ ಎಚ್ಚರಿಕೆ ಇನ್ನೂ ಹೆಚ್ಚು ಬೇಕು.

ಮೂರು ಸ್ಥಿತಿಗಳು

ಹಾಗಾದರೆ ಬರೀ ಸುದ್ದಿ ನಂಬಿ ಕೊಳ್ಳುವವನ ಸ್ಥಿತಿ ಏನು? ಅವನಿಗೆ ಕಂಪೆನಿಯ ಬಾವಿಯೂ ಬೇಡ, ಅನಿಲವೂ ಬೇಡ. ನಾಳೆ ಯಾರು ಎಷ್ಟು ಕೂಗುತ್ತಾರೆಂಬುದಷ್ಟೇ ಬೇಕು. ಅವನ ಹಣ ಕಂಪೆನಿಗೆ ಹೋಗುವುದಿಲ್ಲ, ಷೇರು ಮಾರಿದ ಇನ್ನೊಬ್ಬನ ಜೇಬಿಗೆ ಹೋಗುತ್ತದೆ. ಈಗ ಆ ಇಬ್ಬರ ನಡುವೆ ಮೂರು ಸ್ಥಿತಿಗಳು ಸಾಧ್ಯ. ಇಬ್ಬರಿಗೂ ಸಂಗತಿ ಸಮನಾಗಿ ತಿಳಿದಿದ್ದರೆ ಅದು ವ್ಯಾಪಾರ. ಒಬ್ಬನಿಗೆ ಮಾತ್ರ ಗುಟ್ಟು ತಿಳಿದಿದ್ದರೆ ಅದು ವಂಚನೆ. ಇಬ್ಬರಿಗೂ ತಿಳಿಯದೆ, ಒಂದು ವದಂತಿಯ ಮೇಲೆ ಒಬ್ಬನು ಬೀಳುವುದರಿಂದಲೇ ಇನ್ನೊಬ್ಬನು ಏಳುವುದಾದರೆ ಅದು ಜೂಜಿಗೆ ತೀರಾ ಸಮೀಪದ್ದು. ಒಪ್ಪಿಗೆಯಿಂದ ಮಾತ್ರ ಎಲ್ಲವೂ ಶುದ್ಧವಾಗುವುದಿಲ್ಲ. ಇಸ್ಪೀಟಿಗೆ ಕುಳಿತವರೂ ಒಪ್ಪಿಯೇ ಕುಳಿತಿರುತ್ತಾರೆ.

ಇನ್ನು ವದಂತಿಯ ವಿಚಾರ. ನಂಬಲರ್ಹನಲ್ಲದವನು ಸುದ್ದಿ ತಂದರೆ ವಿಚಾರಿಸಿ ನೋಡದೆ ಮುಂದುವರಿಯಬಾರದೆಂದು 'ಅಲ್ ಹುಜುರಾತ್' ಅಧ್ಯಾಯವು ಸತ್ಯವಿಶ್ವಾಸಿಗಳನ್ನು ಎಚ್ಚರಿಸಿದೆ. ನೆರೆಮನೆಯ ಜಗಳದ ಸುದ್ದಿಗೆ ಈ ಆಜ್ಞೆ ಅನ್ವಯಿಸುತ್ತದೆಂದು ನಾವು ಒಪ್ಪುತ್ತೇವೆ. ಹಣದ ಸುದ್ದಿಗೇಕೆ ಅನ್ವಯಿಸಬಾರದು? ನೀವು ಷೇರು ಕೊಂಡಿದ್ದೀರಿ. ಈಗ ನಾಲ್ಕು ಜನ ಕೊಂಡರೆ ಬೆಲೆ ಏರುತ್ತದೆ. ಮಸೀದಿಯ ಅಂಗಳದಲ್ಲಿ ನಿಂತು, "ಭಾಯ್, ನನಗೆ ಖಾತ್ರಿ ಸುದ್ದಿ ಇದೆ" ಎಂದು ಪಿಸುಗುಟ್ಟುವ ಆಸೆ ಬರುತ್ತದೆ. ಆ ಕ್ಷಣದಲ್ಲಿ ನೀವು ಪ್ರವಾದಿ(ಸ)ರವರು ತಡೆದ ನಜ್ಶ್‌ನ ಹೊಸ್ತಿಲಲ್ಲಿದ್ದೀರಿ. ನಿಮ್ಮ ಮಾತು ನಂಬಿ ಕೊಂಡವನು ಸೋತರೆ ಅವನ ಮನೆಯ ಕಣ್ಣೀರಿಗೆ ಉತ್ತರ ಹೇಳುವವರಾರು?

ಈ ದಾರಿ ಎಲ್ಲಿಗೆ ಒಯ್ಯುತ್ತದೆಂಬುದಕ್ಕೆ ಲೆಕ್ಕವೂ ಇದೆ. ಷೇರು ಕೊಳ್ಳದೆ ಬರೀ ಅದರ ಬೆಲೆಯ ಏರಿಳಿತದ ಮೇಲೆ ಕರಾರು ಮಾಡುವ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರದ ಬಗ್ಗೆ ಸೆಬಿ ಸಂಸ್ಥೆ 2024ರಲ್ಲಿ ಒಂದು ಅಧ್ಯಯನ ಪ್ರಕಟಿಸಿತು. 2022ರಿಂದ 2024ರ ವರೆಗಿನ ಮೂರು ಹಣಕಾಸು ವರ್ಷಗಳಲ್ಲಿ ಅದರಲ್ಲಿ ತೊಡಗಿದ ಒಂದು ಕೋಟಿಗೂ ಮಿಕ್ಕಿದ ಸಾಮಾನ್ಯರಲ್ಲಿ ನೂರಕ್ಕೆ 93 ಮಂದಿ ನಷ್ಟ ಹೊಂದಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಗೆದ್ದ ಒಬ್ಬನ ಸುದ್ದಿ ಊರಿಗೆಲ್ಲ ಹಬ್ಬುತ್ತದೆ. ಸೋತವನು ಹೆಂಡತಿಗೂ ಹೇಳುವುದಿಲ್ಲ.

ಮನೆಯಲ್ಲಿ ಕೇಳಬೇಕಾದ ಪ್ರಶ್ನೆಗಳು

ಓದುಗರೇ, ನಿಮ್ಮ ಮಗ ನಾಳೆ ಬಂದು, "ಅಬ್ಬಾ, ಈ ಕಂಪೆನಿಯನ್ನು ದೊಡ್ಡವರು ಕೊಳ್ಳುತ್ತಾರಂತೆ, ಒಂದೇ ವಾರದಲ್ಲಿ ದುಡ್ಡು ದುಪ್ಪಟ್ಟಾಗುತ್ತದಂತೆ" ಎಂದರೆ ಗದರಬೇಡಿ. ಕೂರಿಸಿಕೊಂಡು ಕೇಳಿರಿ: ಆ ಕಂಪೆನಿ ಏನು ಮಾಡುತ್ತದೆಂದು ನಿನಗೆ ಗೊತ್ತೇ? ಯಾರೂ ಕೊಳ್ಳಲು ಬರದಿದ್ದರೂ ಅದರ ಪಾಲುದಾರನಾಗಿ ಉಳಿಯಲು ನೀನು ಸಿದ್ಧನೇ? ಹಣ ನಿನ್ನದೇ, ಸಾಲದ್ದೇ? ನಿನಗೆ ತಿಳಿದದ್ದು ನಿನಗೆ ಮಾರುವವನಿಗೂ ತಿಳಿದಿದೆಯೇ? ಪೂರಾ ಹೋದರೆ ಮನೆಯ ಒಲೆ ಉರಿಯುತ್ತದೆಯೇ?

ಈ ಐದಕ್ಕೂ ನೆಮ್ಮದಿಯ ಉತ್ತರ ಸಿಕ್ಕಿದರೆ ಅವನು ವ್ಯಾಪಾರಿ. ಬಲ್ಲ ಆಲಿಮರಲ್ಲಿ ವಿಚಾರಿಸಿ ಮುಂದುವರಿಯಲಿ. ಒಂದಕ್ಕೆ ತಡವರಿಸಿದರೂ ಕೈ ಹಿಂದೆಗೆಯುವುದೇ ಲೇಸು. ಸಂಶಯದ್ದನ್ನು ಬಿಟ್ಟವನು ತನ್ನ ಧರ್ಮವನ್ನೂ ಮಾನವನ್ನೂ ಉಳಿಸಿಕೊಂಡನು.

ಪುನರುತ್ಥಾನದ ದಿನ ಸಂಪತ್ತಿನ ಬಗ್ಗೆ ಎರಡು ಪ್ರಶ್ನೆಗಳಿವೆ: ಎಲ್ಲಿಂದ ಗಳಿಸಿದೆ, ಎಲ್ಲಿ ವ್ಯಯಿಸಿದೆ? ಎರಡನೆಯದಕ್ಕೆ ಝಕಾತ್, ದಾನಧರ್ಮಗಳ ಉತ್ತರವನ್ನು ನಾವು ಸಿದ್ಧಪಡಿಸುತ್ತಿರುತ್ತೇವೆ. ಮೊದಲನೆಯದಕ್ಕೆ, 'ಯಾರೋ ಹೇಳಿದರು, ಕೊಂಡೆ' ಎಂಬ ಉತ್ತರ ಸಾಕಾದೀತೇ? ಅಲ್ಲಾಹನು ನಮ್ಮ ಮನೆಗಳಿಗೆ ಬರುವ ಪ್ರತಿಯೊಂದು ರೂಪಾಯಿಯನ್ನೂ ಶುದ್ಧವಾಗಿಡಲಿ. ಆಮೀನ್.